ಜಾಗಕ್ಕೆ ಸೀರಿಯಲ್ ನಂಬರ್ ಹಾಕೋದು ಹೇಗೆ? ನಕ್ಷೆ ಡೇಟಾಬೇಸ್‌ಗಳ 60 ವರ್ಷದ ಕತೆ

(ಪಾಡ್‌ಕಾಸ್ಟ್ ಕಂತಿನ ಬರಹ ರೂಪ)

ಮೆಟ್ರೋದಲ್ಲಿ ಇಯರ್‌ಫೋನ್ ಹಾಕ್ಕೊಂಡು ನಿಂತಿರೋರಿಗೂ, ರಾತ್ರಿ ಪಾತ್ರೆ ತೊಳೀತಾ ಕೇಳ್ತಾ ಇರೋರಿಗೂ ಸ್ವಾಗತ. ಇವತ್ತಿನ ಕಂತು ನಕ್ಷೆ ಬಗ್ಗೆ. ಗೋಡೆಗೆ ನೇತು ಹಾಕೋ ನಕ್ಷೆ ಅಲ್ಲ. ನಕ್ಷೆಯನ್ನ ಕಂಪ್ಯೂಟರ್ ಒಳಗೆ ಇಟ್ಟು, ಅದಕ್ಕೆ ಪ್ರಶ್ನೆ ಕೇಳಿ ಉತ್ತರ ತಗೊಳ್ಳೋ ಸಾಫ್ಟ್‌ವೇರ್‌ಗಳ ಇತಿಹಾಸ. ಬೋರ್ ಅನ್ಸುತ್ತಾ? ನನಗೂ ಹಾಗೇ ಅನ್ಸಿತ್ತು, ಕಳೆದ ಬೇಸಿಗೆ ತನಕ.

ಆಗ ಊರಿಗೆ ಹೋಗಿದ್ದೆ. ತುಮಕೂರು ಜಿಲ್ಲೆ, ತೆಂಗಿನ ಸೀಮೆ. ನಮ್ಮ ದೊಡ್ಡಪ್ಪ ಬದುವಿನ ಮೇಲೆ ನಿಂತು ಮೊಬೈಲ್ ನೋಡ್ತಾ ಇದ್ರು. ಸರ್ವೆ ನಂಬರ್ ತೋರಿಸೋ ಒಂದು ಆಪ್ ತೆಗೆದಿದ್ರು. "ನೋಡ್ಲಾ ಮಗ, ನಾನು ನಿಂತಿರೋದು ನಮ್ ಜಮೀನಲ್ಲಿ. ಇದು ಪಕ್ಕದೋರ ನಂಬರ್ ತೋರಿಸ್ತೈತೆ" ಅಂದ್ರು. ನಾನು, "ದೊಡ್ಡಪ್ಪ, ಎರಡು ಹೆಜ್ಜೆ ಈ ಕಡೆ ಬನ್ನಿ" ಅಂದೆ. ಬಂದ್ರು. ನೀಲಿ ಚುಕ್ಕಿ ಅಲ್ಲೇ ಇತ್ತು. ಅಷ್ಟರಲ್ಲಿ ಪಕ್ಕದ ಜಮೀನಿನವರೂ ಬಂದ್ರು. ಅವರೂ ತಮ್ಮ ಫೋನ್ ತೆಗೆದ್ರು. ಅವರ ಚುಕ್ಕಿ ಇನ್ನೊಂದು ಕಡೆ. 30 ವರ್ಷದಿಂದ ಒಂದೇ ಬಾವಿ ನೀರು ಹಂಚ್ಕೊಂಡಿರೋ ಎರಡು ಮನೆಯವರು, ಹತ್ತೇ ನಿಮಿಷದಲ್ಲಿ ದನಿ ಏರಿಸೋಕೆ ಶುರು ಮಾಡಿದ್ರು. ಎರಡು ತೆಂಗಿನ ಮರ ಯಾರವು ಅನ್ನೋ ತನಕ ಮಾತು ಹೋಯ್ತು.

ಆ ಜಗಳ ಏನಾಯ್ತು ಅಂತ ಕೊನೆಗೆ ಹೇಳ್ತೀನಿ. ಅವತ್ತು ರಾತ್ರಿ ನನ್ನ ತಲೆಯಲ್ಲಿ ಬೇರೆ ಪ್ರಶ್ನೆ ಕೊರೀತಾ ಇತ್ತು. ಚುಕ್ಕಿ ಸರಿಯೋ ತಪ್ಪೋ, ಆಮೇಲೆ ನೋಡೋಣ. ಆದರೆ ರಾಜ್ಯದಲ್ಲಿರೋ ಲಕ್ಷಾಂತರ ಸರ್ವೆ ನಂಬರ್‌ಗಳಲ್ಲಿ ನಾನು ನಿಂತಿರೋದು ಯಾವುದರೊಳಗೆ ಅಂತ ಒಂದೇ ಸೆಕೆಂಡಲ್ಲಿ ಹೇಗೆ ಹುಡುಕುತ್ತೆ?

ನಾನು ಓದಿದ್ದು ಬಿ.ಕಾಂ. ನನಗೆ ಗೊತ್ತಿರೋ ಡೇಟಾಬೇಸ್ ಅಂದ್ರೆ ಟ್ಯಾಲಿ. ಅದರಲ್ಲಿ ಬಿಲ್‌ಗಳನ್ನ ತಾರೀಕಿನ ಪ್ರಕಾರ ಜೋಡಿಸಬಹುದು, ಮೊತ್ತದ ಪ್ರಕಾರ ಜೋಡಿಸಬಹುದು, ಪಾರ್ಟಿ ಹೆಸರಿನ ಪ್ರಕಾರ ಜೋಡಿಸಬಹುದು. ಸಾಲಾಗಿ ಜೋಡಿಸಿದ್ರೆ ಹುಡುಕೋದು ಸುಲಭ. ನಿಘಂಟಲ್ಲಿ ಪದ ಹುಡುಕೋ ಹಾಗೆ. ಆದರೆ ಜಾಗವನ್ನ ಸಾಲಾಗಿ ಜೋಡಿಸೋದು ಹೇಗೆ? ತಿಪಟೂರು ಮೊದಲು ಬರುತ್ತೋ, ಅರಸೀಕೆರೆ ಮೊದಲು ಬರುತ್ತೋ? ಜಾಗಕ್ಕೆ ಎರಡು ದಿಕ್ಕು ಇದೆ, ಉತ್ತರ-ದಕ್ಷಿಣ ಒಂದು, ಪೂರ್ವ-ಪಶ್ಚಿಮ ಇನ್ನೊಂದು. ಸಾಲಿಗೆ ಒಂದೇ ದಿಕ್ಕು. ಇಡೀ ಇತಿಹಾಸ ಇರೋದೇ ಈ ತೊಡಕಿನಲ್ಲಿ.

ವಿಮಾನದಲ್ಲಿ ಪಕ್ಕದ ಸೀಟು

ಕತೆ ಶುರುವಾಗೋದು ಕೆನಡಾದಲ್ಲಿ. ರೋಜರ್ ಟಾಮ್ಲಿನ್‌ಸನ್ ಅಂತ ಒಬ್ಬರು. 1933ರಲ್ಲಿ ಇಂಗ್ಲೆಂಡಿನ ಕೇಂಬ್ರಿಡ್ಜ್‌ನಲ್ಲಿ ಹುಟ್ಟಿ, ಆಮೇಲೆ ಕೆನಡಾಕ್ಕೆ ಹೋದವರು. ಒಟ್ಟಾವಾದಲ್ಲಿ ವಿಮಾನದಿಂದ ಫೋಟೋ ತೆಗೆದು ಸರ್ವೆ ಮಾಡೋ ಕಂಪನಿಯೊಂದರಲ್ಲಿ ಕೆಲಸ. ಆ ಕಂಪನಿಗೆ ಕೆನ್ಯಾದಲ್ಲಿ ಮರ ಬೆಳೆಸೋಕೆ ಸರಿಯಾದ ಜಾಗ ಹುಡುಕೋ ಕೆಲಸ ಬಂತು. ಇಳಿಜಾರು ತೋರಿಸೋ ನಕ್ಷೆ ಒಂದು, ಮಣ್ಣಿನದು ಒಂದು, ರಸ್ತೆಯದು ಇನ್ನೊಂದು. ಪಾರದರ್ಶಕ ಹಾಳೆಗಳ ಮೇಲೆ ಬರೆದು, ಒಂದರ ಮೇಲೊಂದು ಇಟ್ಟು, ಎಲ್ಲ ಷರತ್ತೂ ಕೂಡೋ ಜಾಗ ಎಲ್ಲಿದೆ ಅಂತ ಕಣ್ಣಲ್ಲೇ ನೋಡಬೇಕು. ಲೆಕ್ಕ ಹಾಕಿದ್ರೆ ಖರ್ಚು ಕೈ ಮೀರಿತು. ಇದನ್ನ ಕಂಪ್ಯೂಟರ್ ಯಾಕೆ ಮಾಡಬಾರದು ಅಂತ ಟಾಮ್ಲಿನ್‌ಸನ್ ತಲೆಗೆ ಹುಳ ಬಿಟ್ಕೊಂಡ್ರು.

1962ರಲ್ಲಿ ಒಂದು ವಿಮಾನ ಪ್ರಯಾಣ. ಪಕ್ಕದ ಸೀಟಲ್ಲಿ ಲೀ ಪ್ರ್ಯಾಟ್ ಅನ್ನೋ ಸರ್ಕಾರಿ ಅಧಿಕಾರಿ. ಅವರ ತಲೆನೋವು ಇನ್ನೂ ದೊಡ್ಡದು. ಕೆನಡಾ ಸರ್ಕಾರ ತನ್ನ ಜನವಸತಿ ಪ್ರದೇಶದ ಭೂಮಿಯನ್ನೆಲ್ಲ ಅಳೆದು, ಇದು ಬೇಸಾಯಕ್ಕೆ, ಇದು ಕಾಡಿಗೆ, ಇದು ವನ್ಯಜೀವಿಗೆ, ಇದು ವಿಹಾರಕ್ಕೆ ಅಂತ ವಿಂಗಡಿಸೋಕೆ ಹೊರಟಿತ್ತು. 'ಕೆನಡಾ ಲ್ಯಾಂಡ್ ಇನ್ವೆಂಟರಿ' ಅಂತ ಅದರ ಹೆಸರು. ವಿಸ್ತೀರ್ಣ ಸುಮಾರು 25 ಲಕ್ಷ ಚದರ ಕಿಲೋಮೀಟರ್, ಅಂದ್ರೆ 13 ಕರ್ನಾಟಕಗಳಷ್ಟು. ಸಾವಿರಾರು ಹಾಳೆ ನಕ್ಷೆ ಬರುತ್ತೆ, ಸರಿ. ಆಮೇಲೆ? 'ಬೇಸಾಯಕ್ಕೆ ಆಗದ ಆದರೆ ಕಾಡಿಗೆ ಆಗೋ ಭೂಮಿ ಈ ಪ್ರಾಂತ್ಯದಲ್ಲಿ ಎಷ್ಟಿದೆ' ಅಂತ ಮಂತ್ರಿ ಕೇಳಿದ್ರೆ ಯಾರು ಲೆಕ್ಕ ಹಾಕೋದು? ಕೈಯಲ್ಲಿ ಮಾಡೋದಾದ್ರೆ 500ಕ್ಕೂ ಹೆಚ್ಚು ತಂತ್ರಜ್ಞರು ಮೂರು ವರ್ಷ ಕೂರಬೇಕು ಅನ್ನೋ ಅಂದಾಜು ಬಂತು. ಅಷ್ಟು ಜನರನ್ನ ಎಲ್ಲಿಂದ ತರೋದು?

ಹೀಗೆ ಹುಟ್ಟಿದ್ದು 'ಕೆನಡಾ ಜಿಯೋಗ್ರಾಫಿಕ್ ಇನ್ಫರ್ಮೇಷನ್ ಸಿಸ್ಟಮ್'. ಇವತ್ತು ಎಂಜಿನಿಯರಿಂಗ್ ಕಾಲೇಜುಗಳಲ್ಲಿ 'ಜಿಐಎಸ್' ಅಂತ ಓದ್ತಾರಲ್ಲ, ಆ ಹೆಸರು ಬಂದಿದ್ದು ಇಲ್ಲಿಂದ. ಟಾಮ್ಲಿನ್‌ಸನ್ ಅವರನ್ನ ಜಿಐಎಸ್ ಪಿತಾಮಹ ಅಂತಲೇ ಕರೀತಾರೆ. ನಕ್ಷೆಯನ್ನ ಕಂಪ್ಯೂಟರಿಗೆ ಉಣಿಸೋ ಯಂತ್ರ ಅಂಗಡಿಯಲ್ಲಿ ಸಿಗ್ತಾ ಇರಲಿಲ್ಲ. ಐಬಿಎಂ ಇವರಿಗೋಸ್ಕರವೇ ಒಂದು ದೊಡ್ಡ ಸ್ಕ್ಯಾನರ್ ಮಾಡಿಕೊಡ್ತು. ಉರುಳೆಗೆ ನಕ್ಷೆ ಸುತ್ತಿ, ತಿರುಗಿಸಿ, ಗೆರೆಗಳನ್ನ ಓದೋ ಯಂತ್ರ.

ಜಡೆ ಹೆಣೆದ ನಂಬರು

ಈ ಯೋಜನೆಯಲ್ಲಿ ಐಬಿಎಂ ಕಡೆಯಿಂದ ಗೈ ಮಾರ್ಟನ್ ಅಂತ ಒಬ್ಬರು ಕೆಲಸ ಮಾಡ್ತಾ ಇದ್ರು. ಅವರ ಮುಂದೆ ಇದ್ದಿದ್ದೂ ನನ್ನ ಟ್ಯಾಲಿ ಪ್ರಶ್ನೆಯೇ. ಆಗ ಡೇಟಾ ಇಡ್ತಾ ಇದ್ದಿದ್ದು ಟೇಪಿನಲ್ಲಿ. ಟೇಪ್ ಅಂದ್ರೆ ಅಪ್ಪಟ ಸಾಲು. ಕ್ಯಾಸೆಟ್ ನೋಡಿರೋರಿಗೆ ಗೊತ್ತು, ಐದನೇ ಹಾಡು ಬೇಕಂದ್ರೆ ನಾಲ್ಕು ಹಾಡು ದಾಟಿಸಬೇಕು. ನೆಲದ ಮೇಲೆ ಅಕ್ಕಪಕ್ಕ ಇರೋ ಎರಡು ತುಂಡು ಟೇಪಿನ ಎರಡು ತುದಿಯಲ್ಲಿದ್ರೆ ಕೆಲಸ ಕೆಟ್ಟ ಹಾಗೇ.

1966ರ ಒಂದು ವರದಿಯಲ್ಲಿ ಮಾರ್ಟನ್ ಕೊಟ್ಟ ಉಪಾಯ ಕೇಳಿದಾಗ 'ಇಷ್ಟೇನಾ?' ಅನ್ಸುತ್ತೆ. ಅಕ್ಷಾಂಶದ ಅಂಕಿ ಮತ್ತು ರೇಖಾಂಶದ ಅಂಕಿಗಳನ್ನ ಜಡೆ ಹೆಣೆದ ಹಾಗೆ ಹೆಣೆದುಬಿಡಿ. ಇದರಿಂದ ಒಂದು, ಅದರಿಂದ ಒಂದು.

ಕಂಪ್ಯೂಟರ್ ಇದನ್ನ ಸೊನ್ನೆ-ಒಂದರಲ್ಲಿ ಮಾಡುತ್ತೆ. ನಾವು ಮಾಮೂಲಿ ಅಂಕಿಯಲ್ಲೇ ಮಾಡಿ ನೋಡೋಣ. ಬೆಂಗಳೂರು ಸುಮಾರು 12.97 ಅಕ್ಷಾಂಶ, 77.59 ರೇಖಾಂಶ. ಚುಕ್ಕಿ ತೆಗೆದ್ರೆ 1297 ಮತ್ತು 7759. ಹೆಣೆದ್ರೆ 17279579. ರಾಮನಗರ 12.72, 77.28. ಹೆಣೆದ್ರೆ 17277228. ಮೈಸೂರು 12.30, 76.64, ಅಂದ್ರೆ 17263604. ಹುಬ್ಬಳ್ಳಿ 17553162. ದೆಹಲಿ 27876211.

ಈಗ ಗಮನಿಸಿ. ಬೆಂಗಳೂರು, ರಾಮನಗರ ಎರಡೂ ಶುರುವಾಗೋದು 1727ರಿಂದ. ಮೈಸೂರಿನವರೆಗೆ ಬಂದ್ರೆ 172 ಮಾತ್ರ ಸಮ. ಹುಬ್ಬಳ್ಳಿಗೆ 17. ದೆಹಲಿಗೆ ಮೊದಲ ಅಂಕಿಯೇ ಬೇರೆ. ಹತ್ತಿರ ಇರೋ ಊರುಗಳ ನಂಬರ್ ಒಂದೇ ಥರ ಶುರುವಾಗುತ್ತೆ! ಈಗ ಇದನ್ನ ಬಿಲ್ ನಂಬರ್ ಥರ ಸಾಲಾಗಿ ಜೋಡಿಸಬಹುದು. 'ಬೆಂಗಳೂರಿನ ಸುತ್ತಮುತ್ತ ಏನಿದೆ' ಅನ್ನೋ ಪ್ರಶ್ನೆ, '1727ರಿಂದ ಶುರುವಾಗೋದೆಲ್ಲ ಕೊಡು' ಅನ್ನೋ ಸಾಮಾನ್ಯ ಪ್ರಶ್ನೆ ಆಗಿಬಿಡುತ್ತೆ.

ಇದರಲ್ಲಿ ಒಂದು ಕೊರತೆಯೂ ಇದೆ. 13 ಡಿಗ್ರಿ ಅಕ್ಷಾಂಶದ ಗೆರೆ ಮಲ್ಲೇಶ್ವರದ ಮೂಲಕ ಹಾದು ಹೋಗುತ್ತೆ. ಗೆರೆಯ ಈ ಕಡೆ 12.99, ಆ ಕಡೆ 13.00. ನಡೆದು ಹೋದ್ರೆ ಕೆಲವೇ ನಿಮಿಷ. ಆದರೆ ಹೆಣೆದ ನಂಬರ್ 172ರಿಂದ 173ಕ್ಕೆ ಹಾರಿಬಿಡುತ್ತೆ. ಅದಕ್ಕೇ ಇಂಥ ವ್ಯವಸ್ಥೆಗಳು ನೀವಿರೋ ಚೌಕದ ಜೊತೆಗೆ ಅಕ್ಕಪಕ್ಕದ ಚೌಕಗಳನ್ನೂ ಒಮ್ಮೆ ಇಣುಕಿ ನೋಡ್ತವೆ.

2008ರಲ್ಲಿ ಗುಸ್ತಾವೊ ನೀಮೆಯರ್ ಅನ್ನೋ ಪ್ರೋಗ್ರಾಮರ್ 'ಜಿಯೋಹ್ಯಾಶ್' ಅಂತ ಹೊರಗೆ ತಂದ್ರು. ಒಳಗೆ ಇರೋದು ಇದೇ ಹೆಣಿಗೆ. 'ರೆಡಿಸ್' ಅನ್ನೋ ಹೆಸರುವಾಸಿ ಡೇಟಾಬೇಸ್ 'ನನ್ನ ಹತ್ತಿರ ಏನಿದೆ' ಅನ್ನೋ ಹುಡುಕಾಟಕ್ಕೆ ಬಳಸೋದೂ ಇದನ್ನೇ. ಕೆನಡಾದ ಕಾಡು-ಹೊಲದ ಲೆಕ್ಕಕ್ಕೆ ಅಂತ ಹುಟ್ಟಿದ ಉಪಾಯ, 'ಹತ್ತಿರದ ಆಟೋ ಎಲ್ಲಿದೆ' ಅಂತ ಹುಡುಕೋ ಥರದ ಕೆಲಸಕ್ಕೆ ಇವತ್ತು ಒದಗ್ತಾ ಇದೆ.

ಪೆಟ್ಟಿಗೆಯೊಳಗೆ ಪೆಟ್ಟಿಗೆ

ಮಾರ್ಟನ್ ಉಪಾಯ ಚುಕ್ಕಿಗಳಿಗೆ ಚೆನ್ನಾಗಿ ಒಗ್ಗುತ್ತೆ. ಆದರೆ ದೊಡ್ಡಪ್ಪನ ಜಮೀನು ಚುಕ್ಕಿ ಅಲ್ಲ, ಅಂಕುಡೊಂಕು ಆಕಾರ. ಉದ್ದ, ಅಗಲ, ಮೂಲೆ ಎಲ್ಲ ಇದೆ. ಇದಕ್ಕೆ ಒಳ್ಳೆಯ ದಾರಿ ಸಿಕ್ಕಿದ್ದು 1984ರಲ್ಲಿ. ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ಆಂಟೊನಿನ್ ಗಟ್‌ಮನ್ 'ಆರ್-ಟ್ರೀ' ಅನ್ನೋ ರಚನೆ ಪ್ರಕಟಿಸಿದ್ರು. ತಮಾಷೆ ಅಂದ್ರೆ ಅವರು ಅದನ್ನ ಪರೀಕ್ಷೆ ಮಾಡಿದ್ದು ನಕ್ಷೆಯ ಮೇಲಲ್ಲ, ಕಂಪ್ಯೂಟರ್ ಚಿಪ್‌ನ ವಿನ್ಯಾಸದ ಮೇಲೆ. ಚಿಪ್ ಒಳಗೂ ಒತ್ತೊತ್ತಾಗಿ ಆಕಾರಗಳೇ ಇರೋದು ತಾನೇ?

ಆರ್-ಟ್ರೀ ಅರ್ಥ ಮಾಡ್ಕೊಳ್ಳೋಕೆ ನಮ್ಮ ಕಂದಾಯ ಇಲಾಖೆ ಸಾಕು. ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರ್. ಹೊಸಬರೊಬ್ಬರು ಬಂದು ಒಂದು ಜಮೀನು ಕೇಳಿದ್ರೆ ರಾಜ್ಯದ ಪಹಣಿಗಳನ್ನೆಲ್ಲ ತಿರುವಿ ಹಾಕ್ತೀವಾ? ಇಲ್ಲ. ಮೊದಲು ಯಾವ ಜಿಲ್ಲೆ, ಉಳಿದ ಜಿಲ್ಲೆ ಬಿಟ್ಟುಬಿಡಿ. ಯಾವ ತಾಲ್ಲೂಕು, ಉಳಿದಿದ್ದು ಬಿಡಿ. ಐದು ಹೆಜ್ಜೆಗೆ ಜಮೀನು ಸಿಕ್ತು. ಆರ್-ಟ್ರೀ ಪ್ರತಿ ಆಕಾರದ ಸುತ್ತ ಒಂದು ಆಯತದ ಪೆಟ್ಟಿಗೆ ಹಾಕುತ್ತೆ. ಹತ್ತಿರದ ಪೆಟ್ಟಿಗೆಗಳನ್ನ ಸೇರಿಸಿ ದೊಡ್ಡ ಪೆಟ್ಟಿಗೆ, ಅಂಥ ದೊಡ್ಡವನ್ನ ಸೇರಿಸಿ ಇನ್ನೂ ದೊಡ್ಡದು. ಹುಡುಕುವಾಗ ನೀವು ಇಲ್ಲದ ಪೆಟ್ಟಿಗೆ ತೆರೆಯೋದೇ ಇಲ್ಲ. ಹೋಬಳಿಗಿಂತ ಒಂದು ವ್ಯತ್ಯಾಸ ಇದೆ: ಈ ಪೆಟ್ಟಿಗೆಗಳು ಒಂದರ ಮೇಲೊಂದು ಸ್ವಲ್ಪ ಹಾಯಬಹುದು. ಆಗ ಎರಡನ್ನೂ ತೆರೆದು ನೋಡಬೇಕು.

ಕೊನೆಗೆ ನಾಲ್ಕೈದು ಜಮೀನು ಉಳಿಯುತ್ತೆ. ನಾನು ಯಾವುದರ ಒಳಗಿದ್ದೀನಿ? ಅದಕ್ಕೂ ಒಂದು ಹಳೇ ಲೆಕ್ಕ ಇದೆ. ನಿಂತ ಜಾಗದಿಂದ ಒಂದು ದಿಕ್ಕಿಗೆ ನೇರ ಗೆರೆ ಎಳೀರಿ. ಅದು ಜಮೀನಿನ ಬೇಲಿಯನ್ನ ಎಷ್ಟು ಸಲ ದಾಟುತ್ತೆ ಎಣಿಸಿ. ಬೆಸ ಸಂಖ್ಯೆ ಬಂದ್ರೆ ಒಳಗಿದ್ದೀರಿ, ಸಮ ಸಂಖ್ಯೆ ಬಂದ್ರೆ ಹೊರಗಿದ್ದೀರಿ. ಒಂದು ಹಾಳೆ ಮೇಲೆ ವಕ್ರವಕ್ರ ಆಕಾರ ಬರೆದು ಮಾಡಿ ನೋಡಿ, ಮಜಾ ಇದೆ.

ಗೆರೆ ಒಂದು ಕಡೆ, ಲೆಕ್ಕ ಒಂದು ಕಡೆ

ಈ ಮಧ್ಯೆ ವ್ಯಾಪಾರವೂ ಬೆಳೀತಾ ಇತ್ತು. ಹಾರ್ವರ್ಡ್‌ನಲ್ಲಿ ಹೊವರ್ಡ್ ಫಿಶರ್ 1960ರ ದಶಕದ ಮಧ್ಯದಲ್ಲಿ ಕಟ್ಟಿದ ಪ್ರಯೋಗಾಲಯ, ಅಕ್ಷರ ಒತ್ತೋ ಪ್ರಿಂಟರ್‌ನಲ್ಲೇ ನಕ್ಷೆ ಮುದ್ರಿಸೋ ಸಾಫ್ಟ್‌ವೇರ್ ಮಾಡಿತ್ತು. ಅಲ್ಲಿ ಓದಿದ ಜ್ಯಾಕ್ ಡೇಂಜರ್‌ಮಂಡ್, ಪತ್ನಿ ಲಾರಾ ಜೊತೆ 1969ರಲ್ಲಿ ಕ್ಯಾಲಿಫೋರ್ನಿಯಾದ ರೆಡ್‌ಲ್ಯಾಂಡ್ಸ್‌ನಲ್ಲಿ 'ಎಸ್ರಿ' ಶುರು ಮಾಡಿದ್ರು. 1980ರ ದಶಕದ ಆರಂಭದಲ್ಲಿ ಬಂದ ಅವರ 'ಆರ್ಕ್-ಇನ್ಫೋ' ಹೆಸರಲ್ಲೇ ಅದರ ಗುಟ್ಟಿದೆ. 'ಆರ್ಕ್' ಅಂದ್ರೆ ಗೆರೆಗಳು, 'ಇನ್ಫೋ' ಅಂದ್ರೆ ಕೋಷ್ಟಕ. ಆಕಾರ ಒಂದು ಕಡೆ, ಮಾಲೀಕ-ವಿಸ್ತೀರ್ಣ ಇನ್ನೊಂದು ಕಡೆ, ನಡುವೆ ಒಂದು ನಂಬರಿನ ಕೊಂಡಿ. ಆಮೇಲೆ ಬಂದ ಅವರ 'ಶೇಪ್‌ಫೈಲ್' ಕೂಡ ಒಂದು ಫೈಲ್ ಅಲ್ಲ, ಕನಿಷ್ಠ ಮೂರು ಫೈಲ್. ವಾಟ್ಸಾಪ್‌ನಲ್ಲಿ ಒಂದನ್ನ ಮಾತ್ರ ಕಳಿಸಿದ್ರೆ ಆ ಕಡೆಯವರು ತೆರೆಯೋಕೆ ಒದ್ದಾಡ್ತಾರೆ.

ನಮ್ಮಲ್ಲೂ ಹೀಗೇ. 'ಭೂಮಿ' ಯೋಜನೆ 2000ದ ಆಸುಪಾಸಿನಲ್ಲಿ ಪಹಣಿಯನ್ನ ಕಂಪ್ಯೂಟರಿಗೆ ತಂತು. ಆದರೆ ಪಹಣಿ ಅಂದ್ರೆ ಕೋಷ್ಟಕ: ಹೆಸರು, ವಿಸ್ತೀರ್ಣ, ಬೆಳೆ. ಜಮೀನಿನ ಆಕಾರ ಇರೋದು ಗ್ರಾಮ ನಕ್ಷೆಯಲ್ಲಿ, ಟಿಪ್ಪಣಿಯಲ್ಲಿ. ಕೋಷ್ಟಕ ಸರಿ ಇದ್ದು ಗೆರೆ ಹಳೇದಾಗಿದ್ರೆ, ಅಥವಾ ಅಣ್ಣ-ತಮ್ಮ ಭಾಗ ಆಗಿದ್ದು ಪಹಣಿಯಲ್ಲಿ ಬಂದು ನಕ್ಷೆಯಲ್ಲಿ ಬರದೇ ಇದ್ರೆ? ಪೋಡಿ ಆಗದ ಜಮೀನಿನ ಕಷ್ಟ ಗೊತ್ತಿರೋರಿಗೆ ನಾನು ಹೇಳೋದೇ ಬೇಡ.

ಸಾಯೋ ಹಂತದಲ್ಲಿದ್ದ ಟೇಪುಗಳು

ಕೆನಡಾಕ್ಕೆ ವಾಪಸ್ ಹೋಗೋಣ. ಟಾಮ್ಲಿನ್‌ಸನ್ 1969ರಲ್ಲಿ ಸರ್ಕಾರಿ ಕೆಲಸ ಬಿಟ್ರು. ಅವರು ಶುರು ಮಾಡಿದ ವ್ಯವಸ್ಥೆ ಮುಂದೆಯೂ ಬಹಳ ವರ್ಷ ನಡೀತು. ಆದರೆ ಅದು ಅಲ್ಲಿಗಷ್ಟೇ ಸೀಮಿತ. ಅದರ ಫೈಲ್ ರೂಪ ಬೇರೆಯವರಿಗೆ ಓದೋಕೆ ಬರ್ತಾ ಇರಲಿಲ್ಲ. 1990ರ ದಶಕದ ಮಧ್ಯದಲ್ಲಿ ಆ ವಿಭಾಗವೇ ಇಲ್ಲದಂತಾಯ್ತು. ಟೇಪುಗಳು ಉಳಿದವು, ಓದೋ ಯಂತ್ರ, ಓದೋ ಪ್ರೋಗ್ರಾಂ, ಅದು ಗೊತ್ತಿರೋ ಜನ ಎಲ್ಲ ಕರಗ್ತಾ ಇತ್ತು. ಕೋಟಿಗಟ್ಟಲೆ ಡಾಲರ್ ಖರ್ಚು ಮಾಡಿ ಅಳೆದ ದೇಶದ ಭೂಮಿಯ ಲೆಕ್ಕ ಕಸಕ್ಕೆ ಹೋಗೋ ಹಂತ.

ಉಳಿಸಿದ್ದು ಯಾವುದೋ ದೊಡ್ಡ ಯೋಜನೆ ಅಲ್ಲ. ಬೇರೆ ಬೇರೆ ಸರ್ಕಾರಿ ಸಂಸ್ಥೆಗಳ ಕೆಲವೇ ಜನ, ತಾವಾಗಿಯೇ ಸೇರಿ, ಟೇಪುಗಳನ್ನ ಓದಿ, ಇವತ್ತಿನ ಸಾಫ್ಟ್‌ವೇರಿಗೆ ಅರ್ಥವಾಗೋ ರೂಪಕ್ಕೆ ಬದಲಾಯಿಸಿದ್ರು. 1990ರ ದಶಕ ಮುಗಿಯೋ ಮುಂಚೆ ಅದರಲ್ಲಿನ ಬೇಸಾಯದ ಭಾಗ ಇಂಟರ್ನೆಟ್‌ನಲ್ಲಿ ಎಲ್ಲರಿಗೂ ಸಿಕ್ತು.

ಕಾಮರ್ಸ್ ಓದಿದ ನನಗೆ ಇಡೀ ಇತಿಹಾಸದಲ್ಲಿ ಚುಚ್ಚಿದ ಭಾಗ ಇದು. ಲೆಡ್ಜರ್ ಪುಸ್ತಕ 100 ವರ್ಷ ಆದ್ರೂ ತೆರೆದು ಓದಬಹುದು. ಕಂಪ್ಯೂಟರಿಗೆ ಹಾಕಿದ್ದನ್ನ 30 ವರ್ಷಕ್ಕೆ ಓದೋಕಾಗಲ್ಲ ಅಂದ್ರೆ? ದಾಖಲೆ ನಮ್ಮದು, ಬೀಗದ ಕೈ ಸಾಫ್ಟ್‌ವೇರಿನದು ಅನ್ನೋ ಪರಿಸ್ಥಿತಿ.

ಅದೇ ಕೆನಡಾ, ಇನ್ನೊಂದು ತುದಿ

ಕಾಕತಾಳೀಯ ನೋಡಿ, ಇದಕ್ಕೆ ಒಂದು ಉತ್ತರ ಬಂದಿದ್ದೂ ಕೆನಡಾದಿಂದಲೇ. ಪಶ್ಚಿಮ ಕರಾವಳಿಯ ವಿಕ್ಟೋರಿಯಾ ನಗರದಲ್ಲಿ 'ರಿಫ್ರ್ಯಾಕ್ಷನ್ಸ್ ರಿಸರ್ಚ್' ಅನ್ನೋ ಚಿಕ್ಕ ಸಲಹಾ ಕಂಪನಿ. ಪ್ರಾಂತ್ಯ ಸರ್ಕಾರದ ನಕ್ಷೆ ಕೆಲಸ ಮಾಡ್ತಾ ಇದ್ರು. ಉಚಿತವಾಗಿ ಸಿಗೋ 'ಪೋಸ್ಟ್‌ಗ್ರೆಸ್' ಡೇಟಾಬೇಸ್ ಇತ್ತು. ಗಟ್‌ಮನ್ ಆರ್-ಟ್ರೀ ಬರೆದ ಬರ್ಕ್ಲಿಯ ಅದೇ ಬಳಗದಿಂದ, ಮೈಕೆಲ್ ಸ್ಟೋನ್‌ಬ್ರೇಕರ್ ಮುಂದಾಳತ್ವದಲ್ಲಿ ಹುಟ್ಟಿದ್ದು ಅದು. ಪಾಲ್ ರ್ಯಾಮ್ಸಿ, ಡೇವ್ ಬ್ಲಾಸ್ಬಿ ಮತ್ತು ಜೊತೆಗಾರರು ಅದಕ್ಕೆ ನಕ್ಷೆಯ ಬುದ್ಧಿ ಕೂಡಿಸಿ, 2001ರ ಮೇ ತಿಂಗಳಲ್ಲಿ 'ಪೋಸ್ಟ್‌ಜಿಐಎಸ್' ಅಂತ ಹೊರಗೆ ಬಿಟ್ರು. ಬೆಲೆ ಇಲ್ಲ. ಒಳಗಿನ ಕೋಡ್ ಯಾರು ಬೇಕಾದ್ರೂ ನೋಡಬಹುದು, ತಿದ್ದಬಹುದು.

ಇದರಿಂದ ಆಗಿದ್ದೇನು? ಗೆರೆಯೂ ಕೋಷ್ಟಕವೂ ಒಂದೇ ಮನೆಗೆ ಬಂದವು. ಜಮೀನಿನ ಆಕಾರ, ಮಾಲೀಕರ ಹೆಸರಿನ ಪಕ್ಕದಲ್ಲೇ ಇನ್ನೊಂದು ಕಾಲಂ ಆಯ್ತು. 'ಕೆರೆಯಿಂದ 500 ಮೀಟರ್ ಒಳಗಿರೋ, ಎರಡು ಎಕರೆಗಿಂತ ಚಿಕ್ಕ ಜಮೀನು ಯಾವುವು' ಅಂತ ಒಂದೇ ವಾಕ್ಯದಲ್ಲಿ ಕೇಳಬಹುದು. ದುಡ್ಡು ಕೊಟ್ಟರೆ ಸಿಗೋ ಡೇಟಾಬೇಸ್‌ಗಳಲ್ಲಿ ಇದು ಮೊದಲೇ ಇತ್ತು ನಿಜ. ಆದರೆ ಈಗ ಒಬ್ಬ ಡಿಪ್ಲೊಮಾ ವಿದ್ಯಾರ್ಥಿಯೂ ತನ್ನ ಹಳೇ ಲ್ಯಾಪ್‌ಟಾಪ್‌ಗೆ ಹಾಕ್ಕೊಂಡು ಕೇಳಬಹುದು. ಮರುವರ್ಷ, 2002ರಲ್ಲಿ, ಅಲಾಸ್ಕಾದ ಗ್ಯಾರಿ ಶರ್ಮನ್ ಪೋಸ್ಟ್‌ಜಿಐಎಸ್ ಒಳಗಿರೋದನ್ನ ಕಣ್ಣಲ್ಲಿ ನೋಡೋಕೆ ಒಂದು ಕಿಟಕಿ ಬೇಕು ಅಂತ 'ಕ್ಯೂಜಿಐಎಸ್' ಶುರು ಮಾಡಿದ್ರು. ಅದೂ ಉಚಿತ.

ಇದರ ಬೆಲೆ ಗೊತ್ತಾಗಿದ್ದು ಕಷ್ಟದ ಹೊತ್ತಲ್ಲಿ. 2010ರ ಜನವರಿ 12ರಂದು ಹೈಟಿಯಲ್ಲಿ ಭೂಕಂಪ ಆಯ್ತು. ರಾಜಧಾನಿ ಪೋರ್ಟ್-ಒ-ಪ್ರಿನ್ಸ್‌ನ ಒಳ್ಳೆ ಡಿಜಿಟಲ್ ನಕ್ಷೆ ಇರಲಿಲ್ಲ. 'ಓಪನ್‌ಸ್ಟ್ರೀಟ್‌ಮ್ಯಾಪ್' ಸ್ವಯಂಸೇವಕರು ಬೇರೆ ಬೇರೆ ದೇಶಗಳಲ್ಲಿ ಮನೆಯಲ್ಲೇ ಕೂತು, ಉಪಗ್ರಹದ ಚಿತ್ರ ನೋಡಿ, ಕೆಲವೇ ದಿನದಲ್ಲಿ ಬೀದಿಬೀದಿ ಬರೆದ್ರು. ರಕ್ಷಣಾ ತಂಡಗಳು ಆ ನಕ್ಷೆ ಹಿಡಿದು ಓಡಾಡಿದ್ವು. ಅದೂ ನಿಂತಿರೋದು ಪೋಸ್ಟ್‌ಗ್ರೆಸ್ ಮೇಲೆಯೇ.

ನಮ್ಮ ದೇಶದಲ್ಲಿ ನಕ್ಷೆ ಮಾಡೋಕೆ ಬಹಳ ಕಾಲ ಅನುಮತಿಗಳ ಸರಮಾಲೆ ಇತ್ತು. 2021ರ ಫೆಬ್ರವರಿ 15ರಂದು ಕೇಂದ್ರ ಸರ್ಕಾರ ಹೊಸ ಮಾರ್ಗಸೂಚಿ ತಂದು, ಭಾರತೀಯ ಕಂಪನಿಗಳಿಗೂ ಜನರಿಗೂ ಅದನ್ನ ಬಹುಮಟ್ಟಿಗೆ ಸಡಿಲ ಮಾಡ್ತು. ಅದಕ್ಕೂ ಮುಂಚೆ 2020ರಲ್ಲಿ ಶುರುವಾದ 'ಸ್ವಾಮಿತ್ವ' ಯೋಜನೆಯಲ್ಲಿ ಡ್ರೋನ್ ಹಾರಿಸಿ ಹಳ್ಳಿಯ ಮನೆ ಜಾಗ ಅಳೆಯೋ ಕೆಲಸ ಹೊರಟಿತು. ಮೊದಲ ಹಂತದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಅಂದ್ರೆ ಮುಂದಿನ ವರ್ಷಗಳಲ್ಲಿ ನಿಮ್ಮ-ನಮ್ಮ ಮನೆಯ ಗೋಡೆಯೂ ಯಾವುದೋ ಡೇಟಾಬೇಸ್‌ನ ಒಂದು ಕಾಲಂ. ಅದನ್ನ ಯಾವ ರೂಪದಲ್ಲಿ ಇಡ್ತಾರೆ, 30 ವರ್ಷದ ನಂತರ ಯಾರು ಓದಬಲ್ಲರು ಅನ್ನೋದು ಬರೀ ಐಟಿಯವರ ತಲೆನೋವಲ್ಲ.

ಬಾಂದುಕಲ್ಲು

ಈಗ ದೊಡ್ಡಪ್ಪನ ಜಮೀನಿಗೆ ಬರೋಣ. ಆಪ್ ಸುಳ್ಳು ಹೇಳ್ತಾ? ಲೆಕ್ಕ ನೋಡಿ. ಒಂದು ಗುಂಟೆ ಅಂದ್ರೆ 33 ಅಡಿ ಉದ್ದ, 33 ಅಡಿ ಅಗಲ, 1089 ಚದರ ಅಡಿ. 33 ಅಡಿ ಅಂದ್ರೆ ಹತ್ತಿರ ಹತ್ತಿರ 10 ಮೀಟರ್. ನಮ್ಮ ಫೋನಿನ ಜಿಪಿಎಸ್, ತಲೆ ಮೇಲೆ ಖುಲ್ಲಾ ಆಕಾಶ ಇದ್ರೂ ಸುಮಾರು 5 ಮೀಟರ್ ಆಚೀಚೆ ತೋರಿಸೋದು ಮಾಮೂಲು. ತೆಂಗಿನ ಗರಿ ಕೆಳಗೆ ನಿಂತರೆ ಇನ್ನೂ ಹೆಚ್ಚು. ಅಂದ್ರೆ ಗುಂಟೆಯ ಅರ್ಧ ಬದಿಯಷ್ಟು ವ್ಯತ್ಯಾಸ ಬರೋದು ಸಹಜ. ದೊಡ್ಡಪ್ಪನ ಫೋನಿಗೂ ಪಕ್ಕದವರ ಫೋನಿಗೂ ಬೇರೆ ಬೇರೆ ಚುಕ್ಕಿ ಬಂದಿದ್ದು ಇದಕ್ಕೇ.

ಡೇಟಾಬೇಸ್ ತನ್ನ ಕೆಲಸ ಸರಿಯಾಗಿಯೇ ಮಾಡಿತ್ತು. ಪೆಟ್ಟಿಗೆ ತೆರೆದು, ಬೇಲಿ ಎಣಿಸಿ, ಉತ್ತರ ಕೊಟ್ಟಿತ್ತು. ಆದರೆ ಆ ಉತ್ತರ 'ನೀವು ಕೊಟ್ಟ ಚುಕ್ಕಿ, ನನ್ನ ಹತ್ತಿರ ಇರೋ ಗೆರೆಯ ಒಳಗಿದೆ' ಅಂತ ಮಾತ್ರ. ಚುಕ್ಕಿ ಸರಿ ಇದೆಯಾ, ಗೆರೆ ಸರಿ ಇದೆಯಾ ಅಂತ ಅದಕ್ಕೆ ಗೊತ್ತಿಲ್ಲ. ಊರು ಹುಡುಕೋಕೆ, ಯಾವ ಸರ್ವೆ ನಂಬರ್ ಅಂತ ತಿಳ್ಕೊಳ್ಳೋಕೆ ಅಷ್ಟು ಸಾಕು. ಬದು ಯಾರದು ಅಂತ ತೀರ್ಮಾನ ಮಾಡೋಕೆ ಸಾಲದು.

ಅದನ್ನ ದೊಡ್ಡಪ್ಪಂಗೆ ಹೇಳಿದೆ. ಪಕ್ಕದವರಿಗೂ ಹೇಳಿದೆ. ಇಬ್ಬರೂ ಸೇರಿ ಹದ್ದುಬಸ್ತಿಗೆ ಅರ್ಜಿ ಹಾಕಿದ್ರು. ಸರ್ವೆಯರ್ ಬಂದ ದಿನ ನಾನು ಊರಲ್ಲಿರಲಿಲ್ಲ. ಸಂಜೆ ದೊಡ್ಡಪ್ಪ ಫೋನ್ ಮಾಡಿದ್ರು. ಕತ್ತಾಳೆ ಪೊದೆಯ ಬುಡದಲ್ಲಿ, ಅರ್ಧ ಮಣ್ಣಲ್ಲಿ ಹೂತು ಹೋಗಿದ್ದ ಹಳೇ ಬಾಂದುಕಲ್ಲು ಸಿಕ್ತಂತೆ. ಒಂದು ಮರ ನಮ್ಮದು, ಇನ್ನೊಂದು ಅವರದು. "ಆ ಮರದ ಎಳನೀರು ಅವರೇ ಕೆಡವಿ ಕೊಟ್ರು ಕಣ್ಲಾ, ಕುಡಕೊಂಡು ಬಂದ್ವಿ" ಅಂದ್ರು.

ನಿಮ್ಮ ಊರಲ್ಲೂ ಫೋನಿನ ಚುಕ್ಕಿ ನೋಡಿ ಶುರುವಾದ ಜಗಳ ಇದ್ರೆ ವಾಯ್ಸ್ ನೋಟ್ ಕಳಿಸಿ. ಅದಕ್ಕೂ ಮುಂಚೆ, ಈ ಕಂತನ್ನ ನಿಮ್ಮ ದೊಡ್ಡಪ್ಪಂಗೆ ಕಳಿಸಿ. ಮುಂದಿನ ವಾರ ಸಿಗೋಣ, ನಮಸ್ಕಾರ.